ದಾರ ಒಂದನ್ನೇ ಬದಲಿಸಬೇಡಿ

ಮೀನು ಹಿಡಿಯಲು ಬಿದಿರಿನ ಕೋಲನ್ನೋ ಹಳೇ ಫೈಬರ್ ರಾಡನ್ನೋ ಬಿಟ್ಟು ಹೊಸ ಸೆಟ್‌ಗೆ ಬರುವವರಲ್ಲಿ ಬಹಳ ಜನ ಮೊದಲು ಕೈ ಹಾಕುವುದು ದಾರಕ್ಕೆ. ತಂಗೂಸಿ, ಅಂದರೆ ನೈಲಾನ್ ದಾರ ತೆಗೆದು ಅದೇ ರೀಲಿಗೆ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದ ದಾರ ಸುತ್ತುತ್ತಾರೆ. ಮಲ್ಪೆ, ಗಂಗೊಳ್ಳಿ ಕಡೆಯ ಅಲೆ ತಡೆಯುವ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಒಳ್ಳೆಯ ಕೆಂಬೇರಿ ಮೀನು ಎರಗಿದಾಗ ಗಾಳ ನೆಟ್ಟಗಾಗುತ್ತದೆ, ಇಲ್ಲವೇ ರಾಡಿನ ತುದಿ ಹೋಗುತ್ತದೆ. ಆಗ ದೂರು ಬರುವುದು ಬ್ರೇಡ್ ಮೇಲೆ. ತಪ್ಪು ಬ್ರೇಡಿನದ್ದಲ್ಲ, ಜೋಡಣೆಯದ್ದು.

ನೈಲಾನ್ ದಾರ ಜೋರಾಗಿ ಎಳೆದರೆ ಶೇ. 20ಕ್ಕೂ ಹೆಚ್ಚು ಹಿಗ್ಗುತ್ತದೆ. ಮೀನು ಮೂವತ್ತು ಮೀಟರ್ ಆಚೆ ಇದ್ದರೆ ಏಟಿನ ದೊಡ್ಡ ಪಾಲನ್ನು ದಾರವೇ ನುಂಗುತ್ತದೆ. ಉಳಿದದ್ದನ್ನು ಬಿದಿರು ಬಾಗಿ ತಡೆಯುತ್ತದೆ. ಹಾಗಾಗಿ ಹಳೇ ಸೆಟ್‌ನಲ್ಲಿ ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಡುವ ಬ್ರೇಕ್) ಕೆಟ್ಟಿದ್ದರೂ ಕೆಲಸ ಸಾಗುತ್ತಿತ್ತು. ಬ್ರೇಡ್ ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ. 0.40 ಮಿ.ಮೀ. ನೈಲಾನ್ ಹೊರುವ ಭಾರವನ್ನು 0.20 ಮಿ.ಮೀ. ಬ್ರೇಡ್ ಹೊರುತ್ತದೆ, ಆದರೆ ಏಟನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಆ ಏಟು ತಿನ್ನಬೇಕಾದದ್ದು ಈಗ ಡ್ರ್ಯಾಗ್. ಅದಕ್ಕೇ ನನ್ನ ಮಾತು: ಹತ್ತು ಸಾವಿರ ರೂಪಾಯಿ ಇದ್ದರೆ ದೊಡ್ಡ ಪಾಲು ರೀಲಿಗೆ ಹಾಕಿ, ರಾಡಿಗಲ್ಲ. ದುಬಾರಿ ರಾಡ್ ಜೊತೆ ಅಗ್ಗದ ರೀಲ್ ತಂದರೆ ಮೊದಲ ದೊಡ್ಡ ಮೀನಿಗೇ ಅದು ಗೊತ್ತಾಗುತ್ತದೆ.

ಹಳೇ ರೀಲಿನ ಡ್ರ್ಯಾಗ್ ಏಕೆ ಕೆಡುತ್ತದೆ ಅಂದರೆ, ಬಿಗಿ ಮಾಡಿದ್ದನ್ನು ಹಾಗೇ ಅಟ್ಟದ ಮೇಲೆ ಇಡುತ್ತೇವೆ. ಒಳಗಿನ ಫೆಲ್ಟ್ ವಾಷರ್‌ಗಳು ಅದುಮಿಕೊಂಡು ಅಂಟಿಕೊಳ್ಳುತ್ತವೆ. ಮೀನು ಎಳೆದಾಗ ದಾರ ಸುತ್ತಿದ ಸ್ಪೂಲ್ ಒಂದು ಕ್ಷಣ ಹಿಡಿದು, ಆಮೇಲೆ ಜಗ್ಗಿ ಬಿಡುತ್ತದೆ. ದಾರ ಹೋಗುವುದು ಆ ಒಂದು ಕ್ಷಣದಲ್ಲೇ. ಮೀನು ಹಿಡಿದು ಮುಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ.

ಡ್ರ್ಯಾಗನ್ನು ಕೈ ಅಂದಾಜಿನಲ್ಲಿ ಹೊಂದಿಸಬೇಡಿ, ಸ್ಪ್ರಿಂಗ್ ತಕ್ಕಡಿ ಬಳಸಿ. ದಾರವನ್ನು ಎಲ್ಲ ಉಂಗುರಗಳ ಮೂಲಕ ತಂದು ತಕ್ಕಡಿಗೆ ಕಟ್ಟಿ, ತಕ್ಕಡಿಯನ್ನು ಒಬ್ಬರು ಹಿಡಿದುಕೊಳ್ಳಲಿ. ರಾಡನ್ನು 45 ಡಿಗ್ರಿಯಲ್ಲಿ ಎತ್ತಿ ಎಳೆಯಿರಿ. 10 ಕೆ.ಜಿ. ಹೊರುವ ದಾರಕ್ಕೆ ತಕ್ಕಡಿ ಎರಡೂವರೆ ಕೆ.ಜಿ. ತೋರಿಸುವಾಗ ಸ್ಪೂಲ್ ತಿರುಗಬೇಕು. ರೀಲಿನಿಂದ ನೇರ ಎಳೆದು ನೋಡಿದರೆ ಲೆಕ್ಕ ತಪ್ಪುತ್ತದೆ. ಬಾಗಿದ ರಾಡಿನ ಉಂಗುರಗಳ ತಿಕ್ಕಾಟವೂ ಸೇರಿ ಬಿಗಿ ಹೆಚ್ಚುತ್ತದೆ.

ಬ್ರೇಡನ್ನು ಬರಿ ಸ್ಪೂಲಿಗೆ ಸುತ್ತಿದರೆ ಇಡೀ ಸುರುಳಿಯೇ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂತ ಅನಿಸುತ್ತದೆ. ಮೊದಲು ಐದಾರು ಮೀಟರ್ ನೈಲಾನ್ ಸುತ್ತಿ, ಅದರ ಮೇಲೆ ಬ್ರೇಡನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸ್ಪೂಲಿನ ಅಂಚಿಗೆ ಎರಡು ಮಿ.ಮೀ. ಬಿಟ್ಟು ನಿಲ್ಲಿಸಿ. ತುಂಬಿ ತುಳುಕಿದರೆ ಎಸೆದಾಗ ನಾಲ್ಕೈದು ಸುತ್ತು ಒಟ್ಟಿಗೆ ಹಾರಿ ಗಂಟಾಗುತ್ತದೆ. ಎಸೆದ ಮೇಲೆ ಬೇಲ್ ತಂತಿಯನ್ನು (ದಾರವನ್ನು ಸ್ಪೂಲಿಗೆ ಸುತ್ತುವ, ತೆರೆದು ಮುಚ್ಚುವ ತಂತಿ) ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಲ್ಲೇ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ. ಆಗುವ ಗಂಟುಗಳಲ್ಲಿ ಅರ್ಧದಷ್ಟು ಇಷ್ಟಕ್ಕೇ ನಿಲ್ಲುತ್ತವೆ. ಕಲ್ಲಿಗೆ ಉಜ್ಜಿದರೆ ಬ್ರೇಡ್ ಬೇಗ ತುಂಡಾಗುತ್ತದೆ. ಹಾಗಾಗಿ ಮುರು, ಕೆಂಬೇರಿ ಮೀನು ಇರುವ ಜಾಗದಲ್ಲಿ ತುದಿಗೆ ಒಂದು ಮೀಟರ್ 40 ಪೌಂಡ್ ಹೊರುವ ನೈಲಾನ್ ಅಥವಾ ಫ್ಲೂರೋಕಾರ್ಬನ್ ದಾರ ಬೇಕೇ ಬೇಕು. ಕಟ್ಟುವಾಗ ಎಂಜಲು ಹಚ್ಚಿ ಬಿಗಿಯಿರಿ, ಒಣ ಗಂಟು ಬಿಸಿಯಾಗಿ ಸೊರಗುತ್ತದೆ.

ಹಳೇ ರಾಡನ್ನೇ ಉಳಿಸಿಕೊಳ್ಳುವವರು ಉಂಗುರ ನೋಡಿ. ಹತ್ತಿಯ ಎಳೆಯನ್ನು ಪ್ರತಿ ಉಂಗುರದ ಒಳಗೆ ಸುತ್ತ ಉಜ್ಜಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸಣ್ಣ ಬಿರುಕೋ ಗೀರೋ ಇದೆ, ಬ್ರೇಡ್ ಅಲ್ಲೇ ತುಂಡಾಗುತ್ತದೆ. ತುದಿಯ ಉಂಗುರವನ್ನು ಎರಡು ಸಲ ನೋಡಿ. ಮೊದಲು ಹೋಗುವುದು ಅದೇ.

ಕಾರ್ಬನ್ ರಾಡಿನ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಯಾರೂ ಹಗುರ ಮಾಡಬೇಡಿ: ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಕೆರೆ ಏರಿಯ ಮೇಲೆ ಹಾದುಹೋಗುವ ತಂತಿಯ ಕೆಳಗೆ ರಾಡ್ ಎತ್ತಬೇಡಿ, ಗುಡುಗು ಕೇಳಿಸಿದರೆ ಮಡಚಿ ಹೊರಡಿ. ಇನ್ನೊಂದು, ದಡಕ್ಕೆ ಬಂದ ಮೀನನ್ನು ರಾಡನ್ನು ನೆಟ್ಟಗೆ ಆಕಾಶಕ್ಕೆ ಹಿಡಿದು ಎತ್ತಬೇಡಿ. ಆಗ ಎಲ್ಲ ಭಾರವೂ ತೆಳುವಾದ ತುದಿಯ ಮೇಲೆ ಬೀಳುತ್ತದೆ. ಬಿದಿರಿಗೆ ನಡೆಯುತ್ತಿತ್ತು, ಕಾರ್ಬನ್‌ಗೆ ನಡೆಯುವುದಿಲ್ಲ. ರಾಡಿನ ಮೇಲೆ ಬರೆದ 10–40 ಗ್ರಾಂ ಎಂಬ ಅಂಕಿಯೂ ಅಲಂಕಾರಕ್ಕಲ್ಲ. ಅದು ಎಸೆಯುವ ಭಾರದ ಮಿತಿ, 80 ಗ್ರಾಂ ಸೀಸ ಕಟ್ಟಿ ಎಸೆದರೆ ಕೋಲು ನಿಲ್ಲುವುದಿಲ್ಲ.

ಎಲ್ಲರೂ ಬದಲಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಕೆರೆಯ ಜೊಂಡಿನ ಅಂಚಿನಲ್ಲಿ ಬೆಂಡು ಕಟ್ಟಿ ಎರೆಹುಳು ಹಾಕಿ ಕೂರುವವರಿಗೆ ಹತ್ತಡಿ ಬಿದಿರಿನ ಕೋಲಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಎಸೆತ ದೂರ ಬೇಕಾದವರಿಗೆ, ಓಡುವ ಮೀನು ಹಿಡಿಯುವವರಿಗೆ ಮಾತ್ರ ಈ ಖರ್ಚು.

ಉಪ್ಪುನೀರಿನಿಂದ ಬಂದ ದಿನವೇ ಡ್ರ್ಯಾಗ್ ಬಿಗಿ ಮಾಡಿ ರೀಲಿನ ಮೇಲೆ ಸಿಹಿನೀರು ಮೆಲ್ಲಗೆ ಚಿಮುಕಿಸಿ. ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪು ಬೇರಿಂಗಿನ ಒಳಕ್ಕೇ ನುಗ್ಗುತ್ತದೆ. ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಲ್ಲಿ ಒಣಗಿಸಿ. ಬಿಚ್ಚಿದ ಹಳೇ ತಂಗೂಸಿಯನ್ನು ಕೆರೆಗೆ ಬಿಸಾಡದೆ ಗೇಣುದ್ದಕ್ಕೆ ಕತ್ತರಿಸಿ ಮನೆಯ ಕಸಕ್ಕೆ ಹಾಕಿ. ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡರೆ ಅವಕ್ಕೆ ಬಿಡಿಸಿಕೊಳ್ಳಲು ಆಗುವುದಿಲ್ಲ.