ನೀರಿನ ಘಟಕಕ್ಕೆ ಬೀಗ

ಚಳ್ಳಕೆರೆ ಸೀಮೆಯ ನಮ್ಮೂರಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಾಲ್ಕು ತಿಂಗಳಾಯಿತು. ಐದು ರೂಪಾಯಿ ಕಾಯಿನ್ ಹಾಕುವ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿದೆ. ನಲ್ಲಿಯ ಕೆಳಗೆ ಬಿಳಿ ಉಪ್ಪಿನ ಕಲೆ ಒಣಗಿದೆ. ಅಮ್ಮ ಮತ್ತೆ ಬೋರ್ ನೀರೇ ಕುಡಿಯುತ್ತಿದ್ದಾಳೆ. ಫ್ಲೋರೈಡ್ ಜಾಸ್ತಿ ಇರುವ ನೀರು ಅದು. ಕುದಿಸಿದರೂ ಹೋಗುವುದಿಲ್ಲ. ಅವಳು ಅದನ್ನು ಕುಡಿಯುವುದು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ.

ಪಂಚಾಯ್ತಿಗೆ ಹೋದರೆ ಪಿಡಿಒ ಇಲ್ಲ, ಪಕ್ಕದ ಪಂಚಾಯ್ತಿಯ ಚಾರ್ಜೂ ಅವರಿಗೇ ಅಂತೆ. ಮೆಂಬರ್ ಕೇಳಿದರೆ ಏಜೆನ್ಸಿಯವರು ನೋಡಬೇಕು ಅನ್ನುತ್ತಾರೆ. ಏಜೆನ್ಸಿಯವರು ಫೋನ್ ಎತ್ತುವುದಿಲ್ಲ. ಒಂದು ಫಿಲ್ಟರ್ ಬದಲಾಯಿಸಲು ಇಷ್ಟು ಜನರ ಬಾಗಿಲು ತಟ್ಟಬೇಕಾ? ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿ ನಜೀರ್ ಸಾಬರನ್ನು ಅಪ್ಪ ಈಗಲೂ ನೆನೆಯುತ್ತಾರೆ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಅಲ್ಲಾದರೂ ಕೇಳಬಹುದಿತ್ತು, ಅಲ್ವಾ? ನಮ್ಮಲ್ಲಿ ಸಭೆಯೇ ಇಲ್ಲ, ಸಹಿ ಪುಸ್ತಕ ಮಾತ್ರ ಮನೆಮನೆಗೆ ಬರುತ್ತದೆ. ಈ ಸಲ ನಾನು ಸಹಿ ಹಾಕಲಿಲ್ಲ. ಸಭೆ ಯಾವಾಗ ಅಂತ ಕೇಳಿದೆ. ಬಂದಿದ್ದವರು ಪುಸ್ತಕ ಮಡಚಿಕೊಂಡು ಸುಮ್ನೆ ಪಕ್ಕದ ಮನೆಗೆ ಹೋದರು.