ತಲಾ ಆದಾಯದ ತಲೆಬುಡ

2014ರ ಏಪ್ರಿಲ್ 6, ಭಾನುವಾರ. ಆ ದಿನ ಬೆಳಗಾದಾಗ ಆಫ್ರಿಕಾ ಖಂಡದ ಅತಿ ದೊಡ್ಡ ಆರ್ಥಿಕತೆಯೆಂಬ ಗೌರವ ದಕ್ಷಿಣ ಆಫ್ರಿಕಾಕ್ಕೆ ಸೇರಿತ್ತು. ಕತ್ತಲಾಗುವ ಹೊತ್ತಿಗೆ ಅದು ನೈಜೀರಿಯಾದ ಪಾಲಾಗಿತ್ತು. ವಾರದ ರಜೆಯಾದ್ದರಿಂದ ಯಾರೂ ಅಂದು ವಿಶೇಷವಾಗಿ ಮೈಮುರಿದು ದುಡಿದಂತೆಯೂ ಇರಲಿಲ್ಲ. 1990ನ್ನು ಆಧಾರ ವರ್ಷವಾಗಿಟ್ಟುಕೊಂಡು, ಅಂದರೆ ಆ ವರ್ಷದ ಬೆಲೆಗಳನ್ನೂ ಕಸುಬುಗಳನ್ನೂ ಅಳತೆಗೋಲಾಗಿ ಹಿಡಿದು, ಹಾಕುತ್ತಿದ್ದ ಲೆಕ್ಕವನ್ನು ಅಂಕಿಅಂಶದ ಅಧಿಕಾರಿಗಳು ಕೈಬಿಟ್ಟು 2010ನ್ನು ಹಿಡಿದರು, ಅಷ್ಟೆ. ದೇಶದ ಒಟ್ಟು ಉತ್ಪನ್ನ ಶೇಕಡಾ 89ರಷ್ಟು ಉಬ್ಬಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆಂದು ಹಿರಿಯರು ನಗುತ್ತಿದ್ದರು. ಐಶ್ವರ್ಯವೇ ಹೀಗೆ ಅರ್ಧರಾತ್ರಿಯಲ್ಲಿ ಬರುವುದಾದರೆ ಕೊಡೆ ಹಿಡಿಯಲು ಬೇರೆ ಹೊತ್ತಾದರೂ ಎಲ್ಲಿದೆ?

ಲೆಕ್ಕಿಗರ ಪರವಾಗಿ ಒಂದು ಮಾತು ಹೇಳಲೇಬೇಕು. ಹಳೆಯ ಲೆಕ್ಕದಲ್ಲಿ ಮೊಬೈಲ್ ಫೋನಿಗೂ ಆ ದೇಶದ ಪ್ರಸಿದ್ಧ ಚಲನಚಿತ್ರೋದ್ಯಮಕ್ಕೂ ಸರಿಯಾದ ಸ್ಥಾನವೇ ಇರಲಿಲ್ಲ, ಆದ್ದರಿಂದ ಹೊಸ ಲೆಕ್ಕವೇ ಹೆಚ್ಚು ಸತ್ಯವಾದದ್ದು. ಆದರೆ ಇದರಿಂದ ಹೊರಡುವ ತೀರ್ಮಾನ ಸ್ವಲ್ಪ ಮುಜುಗರದ್ದು: ಅಷ್ಟು ವರ್ಷ ಅಲ್ಲಿ ಹಸಿದಿದ್ದವರು ತಪ್ಪು ಆಧಾರ ವರ್ಷದಲ್ಲಿ ಹಸಿದಿದ್ದರು, ಮತ್ತು ಆ ಭಾನುವಾರದಿಂದ ಸರಿಯಾದ ಆಧಾರ ವರ್ಷದಲ್ಲಿ ಹಸಿಯತೊಡಗಿದರು.

ಇದಕ್ಕೂ ಮೊದಲು, 2010ರ ನವೆಂಬರಿನಲ್ಲಿ, ಘಾನಾ ದೇಶ ಇದೇ ಬಗೆಯ ತಿದ್ದುಪಡಿಯಿಂದ ಸುಮಾರು ಶೇಕಡಾ 60ರಷ್ಟು ದೊಡ್ಡದಾಗಿತ್ತು. ಬಡ ದೇಶಗಳ ಗುಂಪಿನಿಂದ ಮೇಲಕ್ಕೇರಿ ಕೆಳ ಮಧ್ಯಮ ಆದಾಯದ ದೇಶವೆನಿಸಿಕೊಂಡಿತು. ಸಂಭ್ರಮದ ನಡುವೆ ಯಾರೋ ನೆನಪಿಸಿರಬೇಕು: ಬಡವರಿಗೆಂದು ಇಟ್ಟಿರುವ ಕಡಿಮೆ ಬಡ್ಡಿಯ ಸಾಲದ ಬಾಗಿಲು ಇನ್ನು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ದೇಶವೊಂದು ಶ್ರೀಮಂತವಾದದ್ದರ ಮೊದಲ ಫಲ ಸಾಲ ದುಬಾರಿಯಾಗುವುದು ಎಂಬ ಈ ನಿಯಮವನ್ನು ಕಂಡುಹಿಡಿದವರು ಯಾರೋ ತಿಳಿಯದು, ಆದರೆ ಅವರಿಗೆ ಹಾಸ್ಯಪ್ರಜ್ಞೆ ಇದ್ದದ್ದರಲ್ಲಿ ಸಂಶಯವಿಲ್ಲ.

ಯಾರು ಯಾವ ಗುಂಪಿಗೆ ಸೇರಿದವರೆಂದು ಹೇಳುವ ಪಂಚಾಂಗವನ್ನು ವಿಶ್ವಬ್ಯಾಂಕು ಪ್ರತಿ ವರ್ಷ ಜುಲೈ 1ರಂದು ತೆರೆಯುತ್ತದೆ. ಗುಂಪುಗಳು ನಾಲ್ಕು, ಗೆರೆಗಳು ಮೂರು. 2025ರ ಗೆರೆಯಂತೆ ತಲೆಯೊಂದಕ್ಕೆ ವರ್ಷಕ್ಕೆ 13,935 ಡಾಲರ್ ರಾಷ್ಟ್ರೀಯ ಆದಾಯವಿರುವ ದೇಶ ಶ್ರೀಮಂತವಲ್ಲ. 13,936 ಇದ್ದರೆ ಶ್ರೀಮಂತ. ಆ ಒಂದು ಡಾಲರಿಗೆ ಇಷ್ಟು ಶಕ್ತಿ ಇದೆಯೆಂದು ಗೊತ್ತಿದ್ದರೆ ಎಷ್ಟೋ ಸರ್ಕಾರಗಳು ಅದನ್ನು ಖರ್ಚು ಮಾಡದೆ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದವು. 2021ರಲ್ಲಿ ವೆನೆಜುವೆಲಾವನ್ನು ನಂಬಲರ್ಹ ಅಂಕಿಅಂಶಗಳಿಲ್ಲವೆಂಬ ಕಾರಣಕ್ಕೆ ನಾಲ್ಕರಲ್ಲಿ ಯಾವ ಗುಂಪಿಗೂ ಸೇರಿಸದೆ ಬಿಡಲಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ತೈಲ ನಿಕ್ಷೇಪ ತನ್ನದೆಂದು ಹೇಳಿಕೊಳ್ಳುವ ದೇಶ ಹೀಗೆ ಶ್ರೀಮಂತವೂ ಅಲ್ಲದೆ, ಬಡವೂ ಅಲ್ಲದೆ, ನಡುವೆಯೂ ಇಲ್ಲದೆ ಉಳಿಯಿತು.

ಇನ್ನು ಈ ‘ತಲಾ’ ಎಂಬ ಪದವನ್ನೇ ನೋಡಿ. ದೇಶದ ಆದಾಯವನ್ನು ದೇಶದ ತಲೆಗಳಿಂದ ಭಾಗಿಸುವುದು ಸುಲಭ, ಏಕೆಂದರೆ ತಲೆಗಳೆಲ್ಲ ಒಂದೇ ಗಾತ್ರದವು. ಹೊಟ್ಟೆ ಮತ್ತು ಜೇಬುಗಳ ವಿಷಯದಲ್ಲಿ ಆ ಅನುಕೂಲವಿಲ್ಲ. 1990ರ ದಶಕದಲ್ಲಿ ಈಕ್ವಟೋರಿಯಲ್ ಗಿನಿ ಎಂಬ ಪುಟ್ಟ ದೇಶದ ಕಡಲಿನಲ್ಲಿ ದೊಡ್ಡ ಪ್ರಮಾಣದ ತೈಲ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ಅದರ ತಲಾ ಆದಾಯ ಶ್ರೀಮಂತರ ಗೆರೆಯನ್ನು ದಾಟಿತು. ಅಧ್ಯಕ್ಷರ ಮಗ, ಈಗ ಉಪಾಧ್ಯಕ್ಷರಾಗಿರುವ ಟಿಯೊಡೊರಿನ್ ಒಬಿಯಾಂಗ್ ಪ್ಯಾರಿಸ್ಸಿನ ಅತಿ ದುಬಾರಿ ಬೀದಿಯಲ್ಲಿ ಮಹಲು ಕೊಂಡರು, ಕಾರುಗಳ ಸಾಲನ್ನು ನಿಲ್ಲಿಸಿದರು, ಮೈಕೆಲ್ ಜಾಕ್ಸನ್ ತೊಡುತ್ತಿದ್ದ ಹರಳು ಪೋಣಿಸಿದ ಕೈಗವಸನ್ನೂ ಸಂಗ್ರಹಿಸಿದರು. 2017ರಲ್ಲಿ ಫ್ರಾನ್ಸಿನ ನ್ಯಾಯಾಲಯ ಅವರನ್ನು ದುರುಪಯೋಗವಾದ ಸಾರ್ವಜನಿಕ ಹಣವನ್ನು ಬಿಳಿ ಮಾಡಿದ್ದಕ್ಕಾಗಿ ಅಪರಾಧಿಯೆಂದು ಸಾರಿತು. ನ್ಯಾಯಾಲಯಕ್ಕೆ ಸರಾಸರಿಯ ತತ್ತ್ವ ಅರ್ಥವಾಗಿರಲಿಲ್ಲವೆಂದೇ ನನ್ನ ಅನಿಸಿಕೆ. ಲೆಕ್ಕದ ಪ್ರಕಾರ ಆ ತೈಲದ ಹಣ ದೇಶದ ಪ್ರತಿಯೊಂದು ತಲೆಗೂ ಸಮನಾಗಿ ಹಂಚಿಹೋಗಿತ್ತು. ಶುದ್ಧ ನೀರಿನ ನಲ್ಲಿ ಇಲ್ಲದ ಮನೆಯವನಿಗೂ ಆ ಕೈಗವಸಿನಲ್ಲಿ ಒಂದು ಹರಳಿನ ಅಂಶವಾದರೂ ಪಾಲಿತ್ತು. ಅದೇ 2017ರಲ್ಲಿ ವಿಶ್ವಸಂಸ್ಥೆ ಆ ದೇಶವನ್ನು ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯಿಂದ ಬಡ್ತಿ ಕೊಟ್ಟು ಹೊರತಂದಿತು. ಬಡ್ತಿಗೆ ಮೂರು ಅಳತೆಗೋಲುಗಳಿವೆ, ಆದರೆ ಆದಾಯ ಸಾಕಷ್ಟು ಎತ್ತರಕ್ಕೆ ಹೋಗಿದ್ದರೆ ಉಳಿದೆರಡನ್ನು, ಅಂದರೆ ಜನರ ಆರೋಗ್ಯ, ಶಿಕ್ಷಣ ಮುಂತಾದ ಸಣ್ಣಪುಟ್ಟ ಸಂಗತಿಗಳನ್ನು, ಒತ್ತಾಯ ಮಾಡುವುದಿಲ್ಲ.

ಬಡ ದೇಶಗಳು ಮಾತ್ರ ಹೀಗೆಂದು ಯಾರೂ ಮೂಗೆಳೆಯಬಾರದು. ಐರ್ಲೆಂಡಿನ ಅಂಕಿಅಂಶ ಕಚೇರಿ 2016ರ ಜುಲೈನಲ್ಲಿ ಪ್ರಕಟಿಸಿದ ಪ್ರಕಾರ ಹಿಂದಿನ ಒಂದೇ ವರ್ಷದಲ್ಲಿ ಆ ದೇಶದ ಆರ್ಥಿಕತೆ ಶೇಕಡಾ 26.3ರಷ್ಟು ಬೆಳೆದಿತ್ತು. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು ಮೊದಲಾದ ಬೌದ್ಧಿಕ ಆಸ್ತಿಯನ್ನು ತೆರಿಗೆಯ ಅನುಕೂಲಕ್ಕಾಗಿ ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದವು. ಬಾಡಿಗೆಗೆ ಕೊಡುವ ವಿಮಾನಗಳೂ ಲೆಕ್ಕದ ಪುಸ್ತಕದಲ್ಲಿ ಬಂದಿಳಿದಿದ್ದವು, ಅವು ಅಲ್ಲಿನ ನಿಲ್ದಾಣದಲ್ಲಿ ಇಳಿಯಬೇಕಾದ ಅಗತ್ಯವೇನೂ ಇರಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ಇದನ್ನು, ಐರಿಷ್ ಜನಪದ ಕಥೆಗಳಲ್ಲಿ ಚಿನ್ನದ ಮಡಕೆಯನ್ನು ಬಚ್ಚಿಟ್ಟುಕೊಳ್ಳುವ ಕುಳ್ಳನ ಹೆಸರಿನಲ್ಲಿ, ಲೆಪ್ರೆಕಾನ್ ಅರ್ಥಶಾಸ್ತ್ರವೆಂದು ಕರೆದರು. ಕಚೇರಿಯವರು ಪ್ರಾಮಾಣಿಕರು, ತಮ್ಮ ಅಂಕಿಯನ್ನು ತಾವೇ ನಂಬಲಾಗದೆ, ಕಾಗದದ ಸಂಪತ್ತನ್ನು ಕಳೆದು ತೋರಿಸುವ ಇನ್ನೊಂದು ಅಂಕಿಯನ್ನು ಮರುವರ್ಷ ಸಿದ್ಧಪಡಿಸಿ ಅದರ ತಲೆಯ ಮೇಲೊಂದು ನಕ್ಷತ್ರವನ್ನು ಇಟ್ಟರು. ಅಂದಿನಿಂದ ಆ ದೇಶಕ್ಕೆ ಎರಡು ಸಂಪತ್ತುಗಳು, ಒಂದು ಜಗತ್ತಿಗೆ ತೋರಿಸಲು, ಇನ್ನೊಂದು ಮನೆಯೊಳಗೆ ನಂಬಲು.

2014ರಲ್ಲಿ ಯುರೋಪಿನ ದೇಶಗಳು ಲೆಕ್ಕದ ನಿಯಮಗಳನ್ನು ಬಿಗಿಗೊಳಿಸಿದಾಗ ಮಾದಕ ದ್ರವ್ಯದ ಮಾರಾಟವೂ ವೇಶ್ಯಾವಾಟಿಕೆಯೂ ರಾಷ್ಟ್ರೀಯ ಉತ್ಪನ್ನದೊಳಗೆ ಬಂದವು. ಬ್ರಿಟನ್ ಒಂದರಲ್ಲೇ ಇದರ ಮೌಲ್ಯ ವರ್ಷಕ್ಕೆ ಸುಮಾರು 1,000 ಕೋಟಿ ಪೌಂಡ್ ಎಂದು ಅಂದಾಜಾಯಿತು. ಮನೆಯಲ್ಲಿ ಮಕ್ಕಳನ್ನು ಸಾಕಿ, ಮುದುಕರನ್ನು ನೋಡಿಕೊಂಡು, ಅಡುಗೆ ಮಾಡಿ ಬಡಿಸುವವರ ದುಡಿಮೆ ಮಾತ್ರ ಎಂದಿನಂತೆ ಹೊರಗೇ ಉಳಿಯಿತು, ಏಕೆಂದರೆ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹೀಗಾಗಿ ಅಮಲಿನ ಪುಡಿ ಮಾರುವವನು ರಾಷ್ಟ್ರದ ಸಂಪತ್ತನ್ನು ಹೆಚ್ಚಿಸುತ್ತಾನೆ. ಅವನನ್ನು ಹೆತ್ತು ಬೆಳೆಸಿದ ತಾಯಿ ಲೆಕ್ಕದ ಪಾಲಿಗೆ ಏನನ್ನೂ ಮಾಡಿದವಳಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು 1934ರಲ್ಲಿ ಅಮೆರಿಕದ ಸಂಸತ್ತಿಗೆ ಒಪ್ಪಿಸಿದ ಸೈಮನ್ ಕುಜ್ನೆಟ್ಸ್, ಈ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಲು ಹೋಗಬೇಡಿ ಎಂಬರ್ಥದ ಎಚ್ಚರಿಕೆಯನ್ನು ಅದೇ ವರದಿಯಲ್ಲಿ ಬರೆದಿದ್ದರು. ಔಷಧದ ಸೀಸೆಯ ಮೇಲಿನ ಸಣ್ಣ ಅಕ್ಷರಗಳಿಗೆ ಸಿಗುವಷ್ಟೇ ಗೌರವ ಆ ಎಚ್ಚರಿಕೆಗೂ ಸಿಕ್ಕಿತು.

ಬ್ರಿಟನ್ನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಯುರೋಪಿಯನ್ ಒಕ್ಕೂಟ, ಪರಿಷ್ಕೃತ ಲೆಕ್ಕದ ಪ್ರಕಾರ ನೀವು ಅಂದುಕೊಂಡದ್ದಕ್ಕಿಂತ ಶ್ರೀಮಂತರು, ಆದ್ದರಿಂದ 170 ಕೋಟಿ ಪೌಂಡ್ ಹೆಚ್ಚುವರಿ ವಂತಿಗೆ ಕೊಡಿ ಎಂದು ಕೇಳಿತು. ತಾನು ಶ್ರೀಮಂತನೆಂದು ಕೇಳಿ ಕೆಂಡಾಮಂಡಲವಾದ ಮೊದಲ ಪ್ರಧಾನಿ ಬಹುಶಃ ಡೇವಿಡ್ ಕ್ಯಾಮರನ್ ಇರಬೇಕು. ವೇದಿಕೆಯ ಮೇಲೆ ಬೇಕಾಗುವ ಸಿರಿತನ ಬಿಲ್ಲು ಬಂದಾಗ ಬೇಡವಾಗುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಂತೂ ಈ ಸಂಕಟವೇ ಇಲ್ಲ. ಅಲ್ಲಿ ಅಭಿವೃದ್ಧಿಶೀಲ ದೇಶ ಯಾವುದೆಂದು ತೀರ್ಮಾನಿಸಲು ಗೆರೆಯೂ ಇಲ್ಲ, ಪಂಚಾಂಗವೂ ಇಲ್ಲ, ತಾನು ಅಭಿವೃದ್ಧಿಶೀಲನೆಂದು ದೇಶ ತಾನೇ ಹೇಳಿಕೊಂಡರೆ ಸಾಕು, ವ್ಯಾಪಾರದ ನಿಯಮಗಳಲ್ಲಿ ರಿಯಾಯಿತಿ ಕೇಳಬಹುದು. ಕತಾರ್, ಸಿಂಗಪುರ, ಕುವೈತ್‌ಗಳು ಆ ಬೆಂಚಿನಲ್ಲಿ ಕುಳಿತದ್ದನ್ನು ಕಂಡು 2019ರಲ್ಲಿ ಅಮೆರಿಕದ ಅಧ್ಯಕ್ಷರು ಲಿಖಿತವಾಗಿ ಸಿಟ್ಟಾದರು. ದಕ್ಷಿಣ ಕೊರಿಯಾ ಆ ವರ್ಷವೇ, ಮುಂದಿನ ಮಾತುಕತೆಗಳಲ್ಲಿ ಈ ರಿಯಾಯಿತಿ ತನಗೆ ಬೇಡವೆಂದು ಹೇಳಿ ಎದ್ದುಬಂದಿತು. ಅಷ್ಟು ಹೊತ್ತಿಗೆ ಅದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಸದಸ್ಯತ್ವ ಪಡೆದು ಸುಮಾರು 23 ವರ್ಷಗಳಾಗಿದ್ದವು.

ದೇಶಗಳ ಮಾತು ಹೀಗಾದರೆ ಮನುಷ್ಯರ ಗೆರೆಯೂ ಒಂದಿದೆ. 2025ರ ಜೂನಿನವರೆಗೆ ದಿನಕ್ಕೆ 2.15 ಡಾಲರಿಗಿಂತ ಕಡಿಮೆ ಇರುವವನು ಕಡುಬಡವನಾಗಿದ್ದ. ಆ ತಿಂಗಳು ವಿಶ್ವಬ್ಯಾಂಕು ಬೆಲೆಗಳ ಹೊಸ ಲೆಕ್ಕ ಹಿಡಿದು ಗೆರೆಯನ್ನು 3 ಡಾಲರಿಗೆ ಎತ್ತಿತು. 2022ನೇ ವರ್ಷದ ಅಂದಾಜನ್ನು ಅದಕ್ಕೆ ಹೊಂದಿಸಿ ನೋಡಿದಾಗ ಹಿಂದೆ ಲೆಕ್ಕಕ್ಕೆ ಸಿಗದಿದ್ದ ಸುಮಾರು 12.5 ಕೋಟಿ ಜನ ಕಡುಬಡವರಾಗಿದ್ದರೆಂದು ತಿಳಿದುಬಂತು. ಅವರು ಒಂದು ಕಾಸನ್ನೂ ಕಳೆದುಕೊಂಡಿರಲಿಲ್ಲ. ಮೂರು ವರ್ಷದ ಹಿಂದೆಯೇ ತಾವು ಬಡವರಾಗಿದ್ದ ಸುದ್ದಿಯನ್ನು ಅವರಿಗೆ ಹೇಳಿ ಕಳುಹಿಸುವ ವ್ಯವಸ್ಥೆ ಇನ್ನೂ ಆಗಿಲ್ಲ.