ಡಾರ್ವಿನ್ ಮತ್ತು ಒಂದೇ ತೋಳಿನ ಸ್ವೆಟರ್

ಹೊಸ ಕೆಲಸ ಶುರು ಹಚ್ಚಿಕೊಳ್ಳೋದ್ರಲ್ಲಿ ಇರುವ ಖುಷಿ ಅದನ್ನು ಮುಗಿಸೋದ್ರಲ್ಲಿ ಇಲ್ಲ. ಮುಗಿಸಿದ ಅನುಭವ ನನಗೆ ಅಷ್ಟಾಗಿ ಇಲ್ಲ, ಆ ಮಾತು ಬೇರೆ.

ಹಾಗಂತ ನಾನು ಯಾವುದನ್ನೂ ಕೈಬಿಟ್ಟಿಲ್ಲ. ಗಿಟಾರ್, ಜರ್ಮನ್ ಭಾಷೆ, ಸ್ವೆಟರ್, ಕಿಟಕಿಯ ಟೊಮೆಟೊ ಗಿಡ, ಕಾಲು ಮುರಿದ ಕುರ್ಚಿ, ಎಲ್ಲವೂ ಚಾಲ್ತಿಯಲ್ಲಿವೆ. ಸ್ವೆಟರ್‌ಗೆ ಆಗಲೇ ಒಂದು ತೋಳು ಬಂದಿದೆ. ಇನ್ನೊಂದು ಬರಬೇಕಾದರೆ ಹೆಣೆಯುವ ಕಡ್ಡಿ ಬೇಕು, ಆ ಕಡ್ಡಿಗಳು ಈಗ ಟೊಮೆಟೊ ಗಿಡಕ್ಕೆ ಆಸರೆಯಾಗಿ ಕುಂಡದಲ್ಲಿ ನಿಂತಿವೆ, ಗಿಡವನ್ನು ಅವಕ್ಕೆ ಕಟ್ಟಿರೋದು ಎರಡನೇ ತೋಳಿಗೆ ಅಂತ ಇಟ್ಟಿದ್ದ ಉಲ್ಲನ್ನಿನಿಂದ. ಅಂದರೆ ಗಿಡ ಹೂ ಬಿಟ್ಟು, ಕಾಯಿ ಬಿಟ್ಟು, ಹಣ್ಣಾಗಿ, ಒಣಗೋವರೆಗೆ ನಾನು ಕಾಯಬೇಕು. ಇದಕ್ಕೆ ತಾಳ್ಮೆ ಅನ್ನದೆ ಇನ್ನೇನು ಅನ್ನೋದು?

ಕುರ್ಚಿಯದು ಸ್ವಲ್ಪ ಗಡಿಬಿಡಿ ಆಯಿತು. ಮರದ ಗೋಂದು ಪೂರ್ತಿ ಗಟ್ಟಿಯಾಗೋಕೆ ಸುಮಾರು 24 ಗಂಟೆ ಬೇಕು, ಅಂಟು ಹಿಡಿಯೋವರೆಗೆ ಮೇಲೆ ಭಾರ ಇರಬೇಕು. ಭಾರಕ್ಕೆ ಅಂತ ಜರ್ಮನ್ ಡಿಕ್ಷನರಿ ಇಟ್ಟಿದ್ದೆ. ಸಂಜೆ ಜರ್ಮನ್ ಪಾಠದಲ್ಲಿ ಒಂದು ಪದ ಗೊತ್ತಾಗಲಿಲ್ಲ, ಡಿಕ್ಷನರಿ ಎತ್ಕೊಂಡೆ. ಅದೇ ಹೊತ್ತಿಗೆ ಭಾವ ಬಂದರು. ಖಾಲಿ ಕುರ್ಚಿ ಕಂಡರೆ ಯಾರಾದರೂ ಕೂರ್ತಾರೆ ಅಲ್ವಾ? ಒಂದು ಕ್ಷಣ ಕುರ್ಚಿ ತಡೆದುಕೊಂಡಿತು. ಆಮೇಲೆ ಅದು ಒಂದು ಕಡೆ, ಅದರ ಕಾಲು ಒಂದು ಕಡೆ, ಭಾವ ಇನ್ನೊಂದು ಕಡೆ. ಅವರಿಗೆ ಪೆಟ್ಟೇನೂ ಆಗಲಿಲ್ಲ. ಪ್ಯಾಂಟಿಗೆ ಹತ್ತಿದ ಗೋಂದು ಮಾತ್ರ ಮರುದಿನದ ಹೊತ್ತಿಗೆ ಬಹಳ ಚೆನ್ನಾಗಿ ಗಟ್ಟಿಯಾಗಿತ್ತಂತೆ.

ಗಿಟಾರ್ ವಿಷಯಕ್ಕೆ ವಿಜ್ಞಾನವೇ ನನ್ನ ಪರ ಇದೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಆದರೆ 2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕಾಯಿತು; ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ಬೇಕಾಗಬಹುದು ಅಂತ ಅವರ ಲೆಕ್ಕ. ನಾನು ಯಾವ ಗುಂಪು ಅಂತ ಹೇಳಬೇಕಾಗಿಲ್ಲ. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟ ಏನಿಲ್ಲ ಅಂತಲೂ ಅದರಲ್ಲಿದೆ. ಆ ಸಾಲು ನನಗೆ ಬಾಯಿಪಾಠ.

ಹೆಂಡತಿ ಇದಕ್ಕೆಲ್ಲ ಬಗ್ಗೋಳಲ್ಲ. ಅವಳ ಕಡೆಯ ಸಾಕ್ಷಿ ಡಾರ್ವಿನ್. "ಬಂಡೆಗೆ ಅಂಟಿಕೊಂಡಿರೋ ಬಾರ್ನಕಲ್ ಅನ್ನೋ ಚಿಪ್ಪಿನ ಜೀವಿ ಒಂದನ್ನೇ ಹಿಡ್ಕೊಂಡು 1846ರಿಂದ 1854ರ ತನಕ ಕೂತಿದ್ದರು ಕಣ್ರೀ, ಅದು ಶ್ರದ್ಧೆ" ಅಂದಳು. ನಾನೂ ಓದಿಕೊಂಡೇ ಬಂದಿದ್ದೆ. ವಿಕಾಸವಾದವನ್ನು ಅವರು 1844ರಲ್ಲೇ ಉದ್ದಕ್ಕೆ ಬರೆದು, ಪ್ರಕಟಿಸದೆ ಪಕ್ಕಕ್ಕಿಟ್ಟು, ಆಮೇಲೆ ತಾನೇ ಬಾರ್ನಕಲ್ ಹಿಂದೆ ಬಿದ್ದದ್ದು? ಪುಸ್ತಕ ಬಂದದ್ದು 1859ಕ್ಕೆ. ಅಷ್ಟು ದೊಡ್ಡ ಮನುಷ್ಯರೇ ಮುಖ್ಯ ಕೆಲಸ ಬಿಟ್ಟು ಚಿಪ್ಪು ಬಿಡಿಸ್ತಾ ಕೂತಿರುವಾಗ ನನ್ನದೇನು ಮಹಾ!

ಅವಳು ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಗೆದ್ದೆ ಅಂದುಕೊಂಡೆ.

"ಸರಿ, 15 ವರ್ಷ ತಗೊಳ್ಳಿ. ಸ್ವೆಟರ್‌ಗೆ ಅಳತೆ ತಗೊಂಡಿದ್ದು ಮಗನದ್ದು. ಅವನೀಗ ಒಂದನೇ ಕ್ಲಾಸು."